ಯಾರಿಗೂ ಬಗ್ಗದ ಸಂಖ್ಯೆ

ಶಹಾಪುರ
14 ನವೆಂಬರ್ 1994

ನಜೀಮಾ ಬೇಗಂ ಅವರಿಗೆ,

ಶರೀಫಾಬೀ ಸ್ಮಾರಕ ಲೆಕ್ಕದ ಸ್ಪರ್ಧೆಯ ಫಲಿತಾಂಶವನ್ನು ಶನಿವಾರ ಯಾದಗಿರಿಯಲ್ಲಿ ಹಚ್ಚಿದ್ದಾರೆ. ಕೊನೆಯ ಪ್ರಶ್ನೆಗೆ ಮೂರು ತಾಲ್ಲೂಕುಗಳಲ್ಲಿ ಮೂವರು ಹುಡುಗಿಯರಿಗೆ ಮಾತ್ರ ಅಂಕ ಬಂದಿದೆ. ಮೂವರೂ ಸುರಪುರದ ನಿಮ್ಮ ಉರ್ದು ಶಾಲೆಯವರು. ಈ ಸುದ್ದಿ ತಂದವರು ನಮ್ಮ ಡ್ರಾಯಿಂಗ್ ಮಾಸ್ತರ ಚನ್ನಯ್ಯನವರು. ಮಗಳನ್ನು ರೈಲು ಹತ್ತಿಸಲು ಹೋದವರು ಬೋರ್ಡು ನೋಡಿಕೊಂಡು ಬಂದರು. ಅವರು ಉತ್ಪ್ರೇಕ್ಷೆ ಮಾಡುವವರಲ್ಲ.

ನಾನು ಇಲ್ಲಿಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನ್ನ ಹೆಸರು ನಿಮಗೆ ನೆನಪಿರಲಿಕ್ಕಿಲ್ಲ. ನಿಮ್ಮ ಹೆಸರು ನನಗೆ ನೆನಪಿದೆ.

ನನ್ನ ವಿದ್ಯಾರ್ಥಿನಿ ಹಣಮಮ್ಮ ಉಳಿದ ಎಲ್ಲ ಪ್ರಶ್ನೆಗಳಿಗೂ ಪೂರ್ತಿ ಅಂಕ ಪಡೆದಿದ್ದಾಳೆ. ಸಮಿತಿ ಮರಳಿಸಿದ ಉತ್ತರಪತ್ರಿಕೆಯಲ್ಲಿ ಕೊನೆಯದಕ್ಕೆ ಕೆಂಪು ಶಾಯಿಯ ಸೊನ್ನೆ. ಆ ಸೊನ್ನೆಯಿಂದ ಅವಳು ನಾಲ್ಕನೆಯವಳಾದಳು. ಮೊದಲು ಬಂದವಳಿಗೆ ಯಾದಗಿರಿಯಲ್ಲಿ ಹಾಸ್ಟೆಲ್ ಸೀಟು ಮತ್ತು ಪಿಯುಸಿ ವಿಜ್ಞಾನದ ಓದು ಎಂದು ನಿಮ್ಮ ಸಮಿತಿಯೇ ಪ್ರಕಟಿಸಿತ್ತು. ಹಣಮಮ್ಮನ ತಾಯಿ ಬಾಲಮ್ಮ ಕಾಲುವೆ ಕೆಳಗಿನ ಕ್ಯಾಂಪಿನಲ್ಲಿ ಭತ್ತದ ನಾಟಿ ಮಾಡುತ್ತಾಳೆ. ಶಾಲೆಗೆ ಬಂದು ನನಗೆ ಹೇಳಿ ಹೋಗಿದ್ದಾಳೆ: “ಸೀಟ್ ಬಂತಂದ್ರ ಓದ್ಲಿರಿ ಟೀಚರ್. ಬರ್ಲಿಲ್ಲಂದ್ರ ನನ್ನ ಜೋಡಿ ನಾಟಿಗೆ ಇಳಿತಾಳ. ನಡುವ ಬ್ಯಾರೆ ಮಾತಿಲ್ಲ.”

ಪ್ರಶ್ನೆ ಹೀಗಿತ್ತು: ಈ ಸಂಖ್ಯೆಯನ್ನು ಶೇಷ ಉಳಿಯದಂತೆ ಭಾಗಿಸುವ ಎರಡಂಕಿಯ ಸಂಖ್ಯೆಗಳಲ್ಲಿ ಅತಿ ದೊಡ್ಡದು ಯಾವುದು? ಆ ಸಂಖ್ಯೆಯನ್ನು ನಿಮ್ಮ ಪ್ರಶ್ನೆಪತ್ರಿಕೆಯ ಮೇಲೆ ಈ ಕಾಗದ ಇಟ್ಟು, ಇದ್ದದ್ದು ಇದ್ದ ಹಾಗೆ ತಿದ್ದಿ ತೆಗೆದಿದ್ದೇನೆ.

1○○○○○19

ಹಣಮಮ್ಮ ಬರೆದ ಉತ್ತರ: “ಅಂಥದ್ದು ಇಲ್ಲ. ಎರಡಂಕಿದು ಅಷ್ಟ ಅಲ್ಲ, ಇದು ಯಾರಿಗೂ ಬಗ್ಗದ ಸಂಖ್ಯೆ ಅಂತ ನನಗ ಅನುಮಾನ ಅದ.” ಅವಳು ಭಾಗಿಸಿದ ಲೆಕ್ಕವೆಲ್ಲ ಪಕ್ಕದಲ್ಲೇ ಇದೆ. ಒಂದೂ ತಪ್ಪಿಲ್ಲ. ನಾನು ನೋಡಿದ್ದೇನೆ.

ಇಲ್ಲದ ಉತ್ತರ ನಿಮ್ಮ ಮೂವರಿಗೆ ಎಲ್ಲಿಂದ ಸಿಕ್ಕಿತು? ಪ್ರಶ್ನೆ ಕೊಟ್ಟವರು ನೀವು. ಉತ್ತರವನ್ನು ಲಕೋಟೆಯಲ್ಲಿಟ್ಟು ಕೊಟ್ಟವರೂ ನೀವು. ನಿಮ್ಮ ಹುಡುಗಿಯರ ಕೈಗೆ ಬೇರೆ ಸಂಖ್ಯೆ ಹೋಗಿತ್ತೆಂದು ನನಗೆ ಅನುಮಾನ. ಇಲ್ಲವೆಂದಾದರೆ ಆ ಉತ್ತರ ಯಾವುದೆಂದು ಬರೆಯಿರಿ.

ಇತಿ,
ದೇವಕಮ್ಮ ಈಶಪ್ಪ


ಸುರಪುರ
22 ನವೆಂಬರ್ 1994

ದೇವಕಮ್ಮ ಟೀಚರ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಎರಡು ಸಲ ಓದಿದೆ. ಎರಡನೆಯ ಸಲ ಸಿಟ್ಟು ಹೆಚ್ಚಾಯಿತು.

ಬೇರೆ ಸಂಖ್ಯೆ ಯಾರ ಕೈಗೂ ಹೋಗಿಲ್ಲ. ನೀವು ಕಾಗದ ಇಟ್ಟು ತೆಗೆದು ಕಳಿಸಿದ್ದೇ ಆ ಸಂಖ್ಯೆ. ಅದು ನನ್ನ ತಾಯಿ ಶರೀಫಾಬೀ ತಮ್ಮ ಕೈಯಿಂದ ಬಿಳಿ ಬಣ್ಣದಲ್ಲಿ ಹಳೆ ಶಾಲೆಯ ಬಾಗಿಲಿನ ಹಿಂದೆ ಬರೆದದ್ದು. ಅವರು ತೀರಿಕೊಂಡ ವರ್ಷವೇ ಅವರ ಹೆಸರಿನಲ್ಲಿ ಸ್ಪರ್ಧೆ ಎಂದಾಗ, ಅವರ ಅಕ್ಷರವೇ ಮಕ್ಕಳ ಕಣ್ಣಿಗೆ ಬೀಳಲಿ ಎಂದು ಬಾಗಿಲ ಮೇಲೆ ಕಾಗದ ಹಿಡಿದು ನಾನೇ ತಿದ್ದಿ ತೆಗೆದೆ. ಅದೇ ಅಚ್ಚನ್ನು ಕನ್ನಡ ಪ್ರಶ್ನೆಪತ್ರಿಕೆಗೂ ಉರ್ದು ಪ್ರಶ್ನೆಪತ್ರಿಕೆಗೂ ಹಾಕಿದರು. ಬೇಕಾದರೆ ಎರಡನ್ನೂ ಒಂದರ ಮೇಲೊಂದು ಇಟ್ಟು ಬಿಸಿಲಿಗೆ ಹಿಡಿದು ನೋಡಿ.

ಉತ್ತರ ಅರವತ್ತಮೂರು. ಏಳು ಒಂಬತ್ಲೆ ಅರವತ್ತಮೂರು. ಒಂಬತ್ತರಿಂದ ಭಾಗ ಹೋಗುತ್ತದೆಂದು ತಿಳಿಯಲು ಭಾಗಿಸಬೇಕಾಗಿಯೂ ಇಲ್ಲ, ಅಂಕಿಗಳನ್ನು ಕೂಡಿಸಿದರೆ ಸಾಕು. ನಾಲ್ಕನೆಯ ಇಯತ್ತೆಯ ಲೆಕ್ಕ ಇದು. ಪ್ರೌಢಶಾಲೆಯ ಟೀಚರಿಗೆ ನಾನು ಹೇಳಿಕೊಡುವುದೇನಿದೆ!

ಮೊದಲು ಬಂದವಳು ಚಮನಬೀ. ಬಳೆ ಹೊತ್ತು ಊರೂರು ತಿರುಗುವ ಮಹಬೂಬಸಾಬನ ಮಗಳು. ನನ್ನ ಸಂಬಂಧಿಯಲ್ಲ. ಫಲಿತಾಂಶ ಗೊತ್ತಾದ ದಿನ ಅವಳು ನನ್ನನ್ನು ಕೇಳಿದ್ದು ಒಂದೇ: “ಮಿಸ್, ಹಾಸ್ಟೆಲ್‌ನಾಗ ರಾತ್ರಿ ದೀಪ ಎಷ್ಟೊತ್ತಿನ ತನಕ ಇಡ್ತಾರ?” ಅವಳ ಬಗ್ಗೆ ಊರಲ್ಲಿ ಮಾತು ಹುಟ್ಟಿಸಬೇಡಿ.

ನಿಮ್ಮ ಹೆಸರು ಮರೆತಿಲ್ಲ. ಬೇವಿನ ಗಿಡದ ಕೆಳಗೆ ಉಪ್ಪು ಹಚ್ಚಿದ ಹುಣಸೆಕಾಯಿ ಕೊಡುತ್ತಿದ್ದ ದೇವಕಿ ನೀವೇ ಎಂದುಕೊಂಡಿದ್ದೇನೆ. ಒಂದು ದಿನ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಮೂವತ್ತು ವರ್ಷದ ನಂತರ ಬಂದ ಕಾಗದ ಹೀಗಿರಬೇಕಿತ್ತೇ?

ನಜೀಮಾ


ಶಹಾಪುರ
5 ಡಿಸೆಂಬರ್ 1994

ನಜೀಮಾ ಬೇಗಂ ಅವರಿಗೆ,

ಅರವತ್ತಮೂರರಿಂದ ಭಾಗಿಸಿದೆ. ಇಪ್ಪತ್ತೊಂಬತ್ತು ಉಳಿಯುತ್ತದೆ.

ನನ್ನ ಒಬ್ಬಳ ಲೆಕ್ಕ ಯಾಕೆಂದು ಹತ್ತನೆಯ ತರಗತಿಯ ನಲವತ್ತೂ ಹುಡುಗಿಯರನ್ನು ಕೂಡಿಸಿದೆ. ಒಂದು ಸಂಖ್ಯೆಯನ್ನು ಯಾವುದೂ ಭಾಗಿಸುವುದಿಲ್ಲ ಎಂದು ತೋರಿಸಲು ಎಲ್ಲ ಸಂಖ್ಯೆಗಳನ್ನೂ ಪ್ರಯತ್ನಿಸಬೇಕಿಲ್ಲ. ಅವಿಭಾಜ್ಯ ಸಂಖ್ಯೆಗಳನ್ನು ಮಾತ್ರ, ಅದೂ ಅದರ ವರ್ಗಮೂಲದ ತನಕ ನೋಡಿದರೆ ಸಾಕು. ಇದಕ್ಕೆ ಮೂರು ಸಾವಿರದ ನೂರ ಅರವತ್ತೆರಡರ ಆಚೆ ಹೋಗುವ ಕೆಲಸವಿಲ್ಲ. ಅಷ್ಟರೊಳಗೆ ಬರುವ ಅವಿಭಾಜ್ಯಗಳು ನಾನೂರಕ್ಕೂ ಹೆಚ್ಚು. ಅವನ್ನು ಹುಡುಗಿಯರಿಗೆ ಹಂಚಿದೆ. ಒಬ್ಬಳು ಮಾಡಿದ್ದನ್ನು ಇನ್ನೊಬ್ಬಳು ತಿರುಗಿ ಮಾಡಬೇಕು. ವಾರವೆಲ್ಲ ಊಟದ ಬಿಡುವಿನಲ್ಲಿ ಇದೇ ನಡೆಯಿತು. ಹೆಡ್‌ಮಾಸ್ತರರು ಕಿಟಕಿಯಲ್ಲಿ ಹಣಕಿ, “ದೇವಕಮ್ಮ ಟೀಚರ್, ಪರೀಕ್ಷಾದಾಗ ಇದ ಕೇಳ್ತಾರೇನ್ರಿ?” ಎಂದರು. “ಈಗಾಗ್ಲೇ ಕೇಳ್ಯಾರ್ರಿ ಸರ್” ಎಂದೆ.

ಬುಧವಾರ ಚಂದಮ್ಮ ಎಂಬ ಹುಡುಗಿ ಎದ್ದು ನಿಂತು, “ಬಿತ್ತು ಟೀಚರ್, ಬಿತ್ತು! ನಲವತ್ತೇಳಕ್ಕ ಬಿತ್ತು!” ಎಂದು ಕುಸ್ತಿ ಗೆದ್ದವಳ ಹಾಗೆ ಕೂಗಿದಳು. ಹಣಮಮ್ಮ ಅವಳ ಹಾಳೆ ಕಸಿದು ನೋಡಿ, “ಬಿದ್ದದ್ದು ಸಂಖ್ಯಾ ಅಲ್ಲವಾ ತಾಯಿ, ನಿನ್ನ ಒಂದು ಅಂಕಿ. ಬೆಂಚಿನ ಕೆಳಗ ಹುಡುಕು” ಎಂದಳು. ಅವಸರದಲ್ಲಿ ಒಂದು ಅಂಕಿ ನುಂಗಿದ್ದಳು. ತಿದ್ದಿ ಮಾಡಿದಾಗ ಹದಿನೇಳು ಉಳಿಯಿತು.

ಶನಿವಾರ ಮುಗಿಯಿತು. ಯಾವುದರಿಂದಲೂ ಭಾಗ ಹೋಗಲಿಲ್ಲ. ಹಣಮಮ್ಮ ಅನುಮಾನ ಎಂದು ಬರೆದಿದ್ದಳು, ಈಗ ಅದು ಅನುಮಾನವಲ್ಲ. ಇದು ಅವಿಭಾಜ್ಯ ಸಂಖ್ಯೆ. ಅವಳ ಉತ್ತರಕ್ಕೆ ಪೂರ್ತಿ ಅಂಕ ಬರಬೇಕು.

ನೀವು ಹುಣಸೆಕಾಯಿಯ ನೆನಪು ತೆಗೆದಿದ್ದೀರಿ. ನಾನು ಯಾಕೆ ಬರಲಿಲ್ಲವೆಂದು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ.

ನಾನು ಕನ್ನಡ ವರ್ಗದ ನಾಲ್ಕನೆಯ ಇಯತ್ತೆ. ನೀವು ಎದುರಿನ ಉರ್ದು ವರ್ಗ. ನಮ್ಮ ಮಾಸ್ತರರು ರಜೆ ಹಾಕಿದ್ದ ವಾರ ನಿಮ್ಮ ತಾಯಿ ನಮ್ಮ ವರ್ಗಕ್ಕೆ ಬಂದರು. ಐದು ಲೆಕ್ಕ ಕೊಟ್ಟರು. ಐದೂ ಸರಿ ಮಾಡಿದ್ದೆ. ಅದು ನನಗೆ ಅಂದೂ ಗೊತ್ತಿತ್ತು, ಇಂದೂ ಗೊತ್ತು. ಉಳಿದವರ ಪಾಟಿಯ ಮೇಲೆ ಏನೇನೋ ಗೀಚಿದರು, ಯಾರಿಗೂ ಓದಲು ಬರಲಿಲ್ಲ. ನನ್ನ ಪಾಟಿಯ ಮೇಲೆ ಮಾತ್ರ ಎಲ್ಲರಿಗೂ ಓದಲು ಬರುವ ಹಾಗೆ ದುಂಡಗೆ ಒಂದು ಸೊನ್ನೆ. ಹುಡುಗಿಯರು ನಕ್ಕರು. ಮನೆಗೆ ಹೋಗುವವರೆಗೂ ಆ ಪಾಟಿಯನ್ನು ಲಂಗದಲ್ಲಿ ಮುಚ್ಚಿಕೊಂಡೇ ಹೋದೆ.

ಮರುದಿನ ನಮ್ಮಪ್ಪ ಈಶಪ್ಪ ಕೂಲಿ ಬಿಟ್ಟು ಶಾಲೆಗೆ ಬಂದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ನಿಮ್ಮ ತಾಯಿಯನ್ನು ಕೇಳಿದ, “ಕೇರಿ ಹುಡುಗಿ ಅಂತ ಹಿಂಗ ಮಾಡಿದ್ರೇನ್ರಿ ಬಾಯಾರ?” ನಿಮ್ಮ ತಾಯಿ ಹೇಳಿದ್ದು ಇಷ್ಟೇ: “ಪೂರಾ ಕೊಟ್ಟೀನಿ. ಇನ್ನೇನ ಕೊಡ್ಲಿ?” ಪೂರಾ ಸೊನ್ನೆ ಕೊಟ್ಟು ಅದನ್ನು ಆಡಿಯೂ ತೋರಿಸಿದರು. ಅಪ್ಪ ಬಾಯಿಗೆ ಬಂದದ್ದು ಬೈದು ನನ್ನ ಕೈ ಹಿಡಿದುಕೊಂಡು ಬಂದ. ಆ ತಿಂಗಳೇ ಶಹಾಪುರಕ್ಕೆ ಬಂದೆವು.

ತಾಯಿ ನನಗೆ ಕೊಟ್ಟದ್ದನ್ನು ಮಗಳು ನನ್ನ ಹುಡುಗಿಗೆ ಕೊಟ್ಟಿದ್ದಾಳೆ. ಎರಡೂ ಸಲ ಲೆಕ್ಕ ಸರಿ ಇತ್ತು. ಇದನ್ನು ಆಕಸ್ಮಿಕ ಎಂದು ಒಪ್ಪಲು ನನ್ನಿಂದಾಗದು.

ದೇವಕಮ್ಮ ಈಶಪ್ಪ


ಸುರಪುರ
12 ಡಿಸೆಂಬರ್ 1994

ದೇವಕಮ್ಮ ಅವರಿಗೆ,

ಸತ್ತವರನ್ನು ಕಟಕಟೆಗೆ ಎಳೆಯಬೇಡಿ. ನನ್ನ ತಾಯಿ ಜಾತಿ ನೋಡಿ ಅಂಕ ಕೊಟ್ಟವರಲ್ಲ. ನೀವು ಹೇಳಿದ ದಿನ ನಾನು ಅಲ್ಲಿರಲಿಲ್ಲ, ಹಾಗಾಗಿ ಆ ಬಗ್ಗೆ ಬರೆಯುವುದಿಲ್ಲ.

ಲೆಕ್ಕದ ಮಾತು. ನಿಮ್ಮ ನಲವತ್ತು ಹುಡುಗಿಯರು ವಾರಗಟ್ಟಲೆ ಭಾಗಿಸುವ ಬದಲು ಒಬ್ಬಳು ಕೂಡಿಸಿದ್ದರೆ ಆಗುತ್ತಿತ್ತು. ನಾನು ಮತ್ತೆ ಕೂಡಿಸಿದೆ. ಚಮನಬೀಯಿಂದಲೂ ಕೂಡಿಸಿದೆ. ಎಂಟು ಅಂಕಿಗಳ ಮೊತ್ತ ಮೂವತ್ತಾರು. ಮೂವತ್ತಾರು ಒಂಬತ್ತರ ಮಗ್ಗಿಯಲ್ಲಿ ಇದೆಯೋ ಇಲ್ಲವೋ ನೀವೇ ಹೇಳಿ. ಒಂಬತ್ತು ಹೋದ ಮೇಲೆ ಏಳನ್ನು ನೋಡಿ, ಅದೂ ಹೋಗುತ್ತದೆ.

ನಲವತ್ತು ಮಂದಿ ಕೂಡಿ ಒಂದೇ ತಪ್ಪು ಮಾಡಿದ್ದೀರಿ ಎಂದರೆ ನನಗೂ ಶಕ್ ಬರುತ್ತದೆ. ಟೀಚರ್ ಮೊದಲು ಹೇಳಿದರು, ಮಕ್ಕಳು ಹೌದೆಂದರು. ಹಾಗಲ್ಲವೇ?

ನಜೀಮಾ


ಶಹಾಪುರ
19 ಡಿಸೆಂಬರ್ 1994

ನಜೀಮಾ ಬೇಗಂ ಅವರಿಗೆ,

ಕೂಡಿಸಿದೆ. ಹನ್ನೊಂದು. ಹಣಮಮ್ಮ ಕೂಡಿಸಿದಳು. ಹನ್ನೊಂದು. ಗಣಿತದ ಗಂಧವಿಲ್ಲದ ಚನ್ನಯ್ಯ ಮಾಸ್ತರರಿಂದ ಬೆರಳು ಎಣಿಸಿ ಕೂಡಿಸಿದೆ. ಹನ್ನೊಂದೇ. “ಮೂವತ್ತಾರು ಬರಬೇಕಂದ್ರ ಯಾರರೆ ನಡುವ ಹೊಕ್ಕಿರಬೇಕ್ರಿ” ಎಂದರು ಮಾಸ್ತರರು. ನನ್ನ ಅಭಿಪ್ರಾಯವೂ ಅದೇ.

ಬ್ಯಾಂಕಿನವರು, ಕೋರ್ಟಿನವರು ಅಂಕಿಯನ್ನು ನಂಬುವುದಿಲ್ಲ. ಅಂಕಿಯಲ್ಲಿ ಬರೆದ ಮೇಲೆ ಅಕ್ಷರದಲ್ಲೂ ಬರೆಸುತ್ತಾರೆ. ಅಂಕಿಯನ್ನು ತಿದ್ದಬಹುದು, ಅಕ್ಷರವನ್ನು ತಿದ್ದುವುದು ಕಷ್ಟ. ನಾನು ನಿಮ್ಮಿಂದ ಅಷ್ಟನ್ನೇ ಕೇಳುತ್ತಿದ್ದೇನೆ. ಚಮನಬೀ ಭಾಗಿಸಿದ ಸಂಖ್ಯೆಯನ್ನು ಅಕ್ಷರದಲ್ಲಿ ಬರೆದು ಸಹಿ ಹಾಕಿ ಕಳಿಸಿ.

ನಾವು ಭಾಗಿಸಿದ್ದನ್ನು ನಾನು ಬರೆಯುತ್ತೇನೆ: ಒಂದು ಕೋಟಿ ಹತ್ತೊಂಬತ್ತು.

ದೇವಕಮ್ಮ ಈಶಪ್ಪ


ಶಹಾಪುರ
9 ಜನವರಿ 1995

(ಅಂಚೆ ಕಾರ್ಡು)

ನಜೀಮಾ ಬೇಗಂ ಅವರಿಗೆ,

ಉತ್ತರ ಬಂದಿಲ್ಲ. ಶಹಾಪುರದಿಂದ ಸುರಪುರಕ್ಕೆ ಅಂಚೆ ಮೂರು ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಒಂದು ಸಂಖ್ಯೆಯನ್ನು ಅಕ್ಷರದಲ್ಲಿ ಬರೆಯಲು ಮೂರು ವಾರ ಸಾಲದೆಂದರೆ ಏನು ತಿಳಿಯಬೇಕೋ ಅದನ್ನೇ ತಿಳಿದಿದ್ದೇನೆ. ಬಾಲಮ್ಮ ನಿನ್ನೆ ಮತ್ತೆ ಬಂದಿದ್ದಳು. ಬೇಸಿಗೆ ನಾಟಿಗೆ ಕಾಲುವೆಗೆ ನೀರು ಬಿಟ್ಟಿದ್ದಾರೆ. ಹಣಮಮ್ಮ ಭಾನುವಾರ ಭಾನುವಾರ ಗದ್ದೆಗೆ ಇಳಿಯುತ್ತಿದ್ದಾಳೆ. ಇನ್ನೊಂದು ವಾರ ಕಾಯುತ್ತೇನೆ. ಆಮೇಲೆ ಸಮಿತಿಗೆ ಬರೆಯುತ್ತೇನೆ.

ದೇ. ಈ.


ಸುರಪುರ
16 ಜನವರಿ 1995

ದೇವಕಮ್ಮ,

ಒಂದು ಕೋಟಿ ಐವತ್ತೈದು ಲಕ್ಷದ ಐವತ್ತೈದು ಸಾವಿರದ ಐದುನೂರ ಹತ್ತೊಂಬತ್ತು.

ಇದು ಚಮನಬೀ ಭಾಗಿಸಿದ ಸಂಖ್ಯೆ. ಸಹಿ ಕೆಳಗಿದೆ.

ನಿಮ್ಮ ಅಕ್ಷರ ಓದಿದ ಕೂಡಲೇ ನನಗೆ ತಿಳಿಯಿತು. ಅಡಿಗೆಮನೆಯಲ್ಲಿ ನಿಂತು ಓದುತ್ತಿದ್ದೆ, ಹಾಲು ಉಕ್ಕಿ ಒಲೆ ಆರಿತು. ನೀವು ಸೊನ್ನೆ ಎಂದು ಓದುವ ಸುತ್ತು ಸೊನ್ನೆಯಲ್ಲ. ಅದು ಉರ್ದುವಿನ ಐದು. ಪುಸ್ತಕದಲ್ಲಿ ಅದಕ್ಕೆ ತಳದಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ, ಅಮ್ಮಿಯ ಕೈಯಲ್ಲಿ ಆ ಕಚ್ಚು ಎಂದೂ ಬಿದ್ದದ್ದಿಲ್ಲ. ನಮ್ಮಲ್ಲಿ ಸಿಫರ್ ಎಂದರೆ ಬರೀ ಒಂದು ನುಕ್ತಾ, ಚುಕ್ಕಿ. ಒಂದು ಮತ್ತು ಒಂಬತ್ತು ಮಾತ್ರ ನಿಮಗೂ ನಮಗೂ ನೋಡಲು ಒಂದೇ. ಹಾಗಾಗಿ ಬಾಗಿಲ ಮೇಲಿನ ಸಂಖ್ಯೆಯನ್ನು ನೀವು ಓದಿದರೂ ಅರ್ಥವಾಗುತ್ತದೆ, ನಾವು ಓದಿದರೂ ಅರ್ಥವಾಗುತ್ತದೆ, ಎರಡೂ ಬೇರೆ ಬೇರೆ. ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ ಎಂದು ನಾನೇ ಬರೆದಿದ್ದೆ. ಬಿಸಿಲಿಗಲ್ಲ, ಎಲ್ಲಿ ಹಿಡಿದರೂ ಕಾಣುತ್ತಿರಲಿಲ್ಲ. ವರ್ಗಮೂಲ ಮೂರು ಸಾವಿರದ ನೂರ ಅರವತ್ತೆರಡರ ಆಚೆ ಹೋಗದು ಎಂದು ನೀವು ಬರೆದಾಗಲೇ ನಾನು ನಿಂತು ಯೋಚಿಸಬೇಕಿತ್ತು. ನನ್ನದು ಮೂರು ಸಾವಿರದ ಒಂಬೈನೂರು ದಾಟುತ್ತದೆ. ಸಿಟ್ಟಿನಲ್ಲಿ ಆ ಸಾಲು ಹಾರಿಸಿ ಓದಿದ್ದೆ.

ನನ್ನದನ್ನು ಅರವತ್ತಮೂರರಿಂದ ಭಾಗಿಸಿದರೆ 246913 ಬರುತ್ತದೆ, ಶೇಷ ಇಲ್ಲ. ಗುಣಿಸಿ ನೋಡಿ. ನಿಮ್ಮ ಒಂದು ಕೋಟಿ ಹತ್ತೊಂಬತ್ತನ್ನು ನಾನೂ ತಿಳಿದ ಮಟ್ಟಿಗೆ ಭಾಗಿಸಿದೆ. ಬಗ್ಗಲಿಲ್ಲ. ಹಣಮಮ್ಮ ಸರಿ. ಚಮನಬೀಯೂ ಸರಿ.

ಮೂರು ವಾರ ಯಾಕೆ ಬರೆಯಲಿಲ್ಲ ಎಂದು ಕಾರ್ಡಿನಲ್ಲಿ ಕೇಳಿದ್ದೀರಿ. ಹಣಮಮ್ಮನಿಗೆ ಆ ಅಂಕ ಕೊಟ್ಟರೆ ಇಬ್ಬರ ಮೊತ್ತವೂ ಒಂದೇ ಆಗುತ್ತದೆ. ಸೀಟು ಇರುವುದು ಒಂದು. ಚಮನಬೀ ಟ್ರಂಕಿನ ಮೇಲೆ ತನ್ನ ಹೆಸರನ್ನು ಬಣ್ಣದಿಂದ ಬರೆಸಿಕೊಂಡಿದ್ದಾಳೆ. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ. ಮೊನ್ನೆ ಶುಕ್ರವಾರ ಅವಳನ್ನು ಕರೆದು ಎರಡೂ ಸಂಖ್ಯೆಗಳನ್ನು ಹಲಗೆಯ ಮೇಲೆ ಅಕ್ಷರದಲ್ಲಿ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದಳು. “ಆಕಿ ಲೆಕ್ಕ ಸರಿ ಅದಲ್ರಿ ಮಿಸ್” ಎಂದಳು. ಆಮೇಲೆ, “ನನ್ನದೂ ಸರಿ ಅದ” ಎಂದಳು. ಅಂದೇ ಸಮಿತಿಯ ಅಧ್ಯಕ್ಷರಾದ ಚಂದ್ರಾಮಪ್ಪನವರಿಗೆ ಎಲ್ಲವನ್ನೂ ಬರೆದು ಹಾಕಿದ್ದೇನೆ.

ಇನ್ನೊಂದು ಮಾತು. ನಿಮ್ಮ ಪಾಟಿಯ ವಿಷಯವನ್ನು ನಾನು ಮತ್ತೆ ಓದಿದೆ. ಉಳಿದವರ ಪಾಟಿಯ ಮೇಲೆ ಯಾರಿಗೂ ಓದಲು ಬಾರದ ಗೀಚು ಎಂದು ಬರೆದಿದ್ದೀರಿ. ಅವು ಎರಡು, ಮೂರು, ನಾಲ್ಕು ಇರಬೇಕು. ಉರ್ದು ವರ್ಗದಿಂದ ಎದ್ದು ಬಂದ ಕೈ ಅದು.

ನಿನ್ನ ಪಾಟಿಯ ಮೇಲಿದ್ದದ್ದು ಏನೆಂದು ನಾನು ಹೇಳುವುದಿಲ್ಲ. ನೀನು ಲೆಕ್ಕದ ಟೀಚರ್.

ನಜೀಮಾ


ಶಹಾಪುರ
25 ಜನವರಿ 1995

ನಜೀಮಾ,

ನಿನ್ನ ಕಾಗದ ಗುರುವಾರ ಬಂತು. ಶಾಲೆಯಲ್ಲಿ ಓದಿ, ಮಡಚಿ ಪರ್ಸಿನಲ್ಲಿಟ್ಟುಕೊಂಡು ಮೂರು ತಾಸು ಪಾಠ ಮಾಡಿದೆ. ಏನು ಪಾಠ ಮಾಡಿದೆನೆಂದು ನೆನಪಿಲ್ಲ. ಹಣಮಮ್ಮ ಎದ್ದು, “ಟೀಚರ್, ಹಲಗಿ ಮ್ಯಾಲೆ ಒಂದ ಲೆಕ್ಕ ಎರಡ ಸಲ ಬರ್ದೀರಿ” ಎಂದಾಗ ತಿರುಗಿ ನೋಡಿದೆ.

ಅಪ್ಪ ನನ್ನ ಹತ್ತಿರವೇ ಇದ್ದಾನೆ. ಕಣ್ಣು ಮಂಜಾಗಿದೆ, ಕಿವಿ ಚುರುಕು. ಸಂಜೆ ಚಹಾ ಕೊಟ್ಟು ಪಕ್ಕದಲ್ಲಿ ಕೂತು ಹೇಳಿದೆ.

“ಅಪ್ಪಾ, ಸುರಪುರದ ಸಾಲ್ಯಾಗ ಶರೀಫಾಬೀ ಬಾಯಾರು ನನ್ನ ಪಾಟಿ ಮ್ಯಾಲೆ ಸೊನ್ನಿ ಬರ್ದಿದ್ರಲ್ಲ, ಅದು ಸೊನ್ನಿ ಅಲ್ಲಂತ.”

“ಮತ್ತೇನು?”

“ಐದು. ಉರ್ದು ಐದು. ಐದಕ್ಕ ಐದು.”

ಅಪ್ಪ ಚಹಾ ಕೆಳಗಿಟ್ಟ.

“ಹಂಗಾರ ನಾ ಐದಕ್ಕ ಬೈದು ಬಂದೆ?”

“ಹೂಂ.”

“ಪೂರಾ ಕೊಟ್ಟೀನಿ ಅಂದಿದ್ಳು.”

“ಅಂದಿದ್ರು.”

“ಖರೇನ ಪೂರಾ ಕೊಟ್ಟಿದ್ಳೇನು?”

ಅವನು ಕೇಳಿದ್ದು ನನ್ನನ್ನಲ್ಲ. ಆಮೇಲೆ, “ಉರ್ದು ಮಂದಿ ಐದನ್ನ ಹಂಗ ಯಾಕ ಬರೀತಾರ? ಮನಶೇರು ತಪ್ಪು ತಿಳ್ಕೊಳ್ಳಂಗಿಲ್ಲೇನು!” ಎಂದು ಅವರ ಮೇಲೆಯೇ ಹರಿಹಾಯ್ದ. ರಾತ್ರಿ ಊಟಕ್ಕೆ ಕೂತಾಗ ಮತ್ತೆ ಅದೇ ಮಾತು: “ಆಕಿ ಏನೂ ತಿರುಗಿ ಅನ್ಲಿಲ್ಲ ನೋಡು. ಅಂದಿದ್ರ ತಿಳೀತಿತ್ತು.”

ಅವರು ಅಂದಿದ್ದರು. ನಾವು ಕೇಳಿದ್ದು ಬೇರೆ.

ನಿನ್ನ ಗುಣಾಕಾರ ಸರಿ ಇದೆ, ನೋಡಿದೆ. ಆದರೆ ನನ್ನ ಬುದ್ಧಿ ನಿನಗೆ ಗೊತ್ತಾಗಿದೆ, ಒಂದು ಅನುಮಾನ ಉಳಿದಿದೆ. ಎಂಟು ಅಂಕಿಯ ಸಂಖ್ಯೆಯಲ್ಲಿ ಎರಡು, ಮೂರು, ನಾಲ್ಕು, ಆರು, ಏಳು, ಎಂಟು ಯಾವುದೂ ಇಲ್ಲ. ಒಂದು, ಒಂಬತ್ತು, ಸುತ್ತು ಇಷ್ಟೇ ಇವೆ. ಕನ್ನಡ ವರ್ಗದ ಹುಡುಗಿಗೂ ಉರ್ದು ವರ್ಗದ ಹುಡುಗಿಗೂ ಓದಲು ಬರುವ ಅಂಕಿಗಳನ್ನೇ ಆರಿಸಿದ ಹಾಗಿದೆ. ಒಬ್ಬಳಿಗೆ ಅದು ಬಗ್ಗುತ್ತದೆ, ಇನ್ನೊಬ್ಬಳಿಗೆ ಯಾವುದಕ್ಕೂ ಬಗ್ಗುವುದಿಲ್ಲ. ನಿಮ್ಮ ತಾಯಿ ಇದನ್ನು ತಿಳಿದೇ ಬರೆದರೇ? ಯಾವ ವರ್ಷ ಬರೆದರು? ಅಪ್ಪ ಬೈದು ಹೋಗುವ ಮೊದಲೋ, ನಂತರವೋ?

ದೇವಕಿ


ಸುರಪುರ
30 ಜನವರಿ 1995

ದೇವಕಿ,

ಸಮಿತಿಯ ಪತ್ರ ಇವತ್ತು ಬಂತು. ನಿನಗೂ ಒಂದು ಪ್ರತಿ ಕಳಿಸಿದ್ದಾರಂತೆ. ಚಂದ್ರಾಮಪ್ಪನವರು ಎರಡೂ ಉತ್ತರಗಳನ್ನು ಒಪ್ಪಿದ್ದಾರೆ. ಉತ್ತರಪತ್ರಿಕೆಗಳನ್ನು ಲಕೋಟೆಯಲ್ಲಿದ್ದ ಉತ್ತರದ ಜೊತೆ ತಾಳೆ ನೋಡಿದರೇ ಹೊರತು ಭಾಗಿಸಿ ನೋಡಲಿಲ್ಲವೆಂದೂ ಬರೆದಿದ್ದಾರೆ. ಇಬ್ಬರು ಹುಡುಗಿಯರೂ ಮೊದಲ ಸ್ಥಾನದಲ್ಲಿದ್ದಾರೆ. ಎರಡನೆಯ ಸೀಟು ಕೇಳಿದೆ. ಇಲ್ಲವೆಂದರು. ಇನ್ನೊಮ್ಮೆ ಕೇಳುತ್ತೇನೆ, ನೀನೂ ಕೇಳು.

ಯಾವ ವರ್ಷ ಎಂದು ಕೇಳಿದ್ದೀ. ವರ್ಷ ನನಗೆ ಗೊತ್ತಿಲ್ಲ. ನಾನು ಐದನೆಯ ಇಯತ್ತೆಗೆ ಹೋದಾಗ ಅದು ಅಲ್ಲಿತ್ತು, ನಾಲ್ಕರಲ್ಲಿದ್ದಾಗ ನೋಡಿದ ನೆನಪಿಲ್ಲ. ತಿಳಿದೇ ಬರೆದರೇ ಎಂಬುದೂ ಗೊತ್ತಿಲ್ಲ, ಅಮ್ಮಿ ಹೇಳಲಿಲ್ಲ. ಒಂದು ವಿಷಯ ಮಾತ್ರ ಗೊತ್ತಿದೆ. ಅಮ್ಮಿ ಅದನ್ನು ನಮ್ಮ ಉರ್ದು ವರ್ಗದ ಬಾಗಿಲಿಗೆ ಬರೆಯಲಿಲ್ಲ. ನಿಮ್ಮ ಕನ್ನಡ ವರ್ಗದ ಬಾಗಿಲಿಗೆ ಬರೆದರು, ಅದೂ ಹಿಂದೆ, ಬಾಗಿಲು ತೆರೆದಿದ್ದರೆ ಯಾರಿಗೂ ಕಾಣದ ಕಡೆ. ದೊಡ್ಡವರ ಕಣ್ಣಿನ ಎತ್ತರಕ್ಕೂ ಅಲ್ಲ. ತಿದ್ದಿ ತೆಗೆಯುವಾಗ ನಾನು ಮಂಡಿ ಊರಿ ಕೂತಿದ್ದೆ. ಇಷ್ಟು ಕೆಳಗೆ ಯಾಕೆ ಬರೆದರೆಂದು ಆಗ ಸೋಜಿಗವಾಗಿತ್ತು.

ನೀನು ಅಂದು ಬಾಗಿಲ ಹಿಂದೆ ನಿಂತಿದ್ದೆ ಎಂದು ಬರೆದಿದ್ದೀ. ಯಾವ ಬಾಗಿಲೆಂದು ಬರೆದಿಲ್ಲ.

ಈಶಪ್ಪ ಕಾಕಾರಿಗೆ ಬಸ್ಸಿನಲ್ಲಿ ಕೂಡುವ ಶಕ್ತಿ ಇದ್ದರೆ ಕರೆದುಕೊಂಡು ಬಾ. ಹುಣಸೆಕಾಯಿ ನಮ್ಮ ಹಿತ್ತಲಲ್ಲೇ ಇದೆ, ಉಪ್ಪು ನೀನು ತರಬೇಕಾಗಿಲ್ಲ.

ಸೀಟಿನ ತೀರ್ಮಾನಕ್ಕೆ ಹಣಮಮ್ಮ ಮತ್ತು ಚಮನಬೀಗೆ ಸಮಿತಿಯವರು ಒಂದೇ ಪ್ರಶ್ನೆಯ ಪರೀಕ್ಷೆ ಇಟ್ಟಿದ್ದಾರೆ. ಫೆಬ್ರವರಿ 4, ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಹಳೆ ಶಾಲೆಯ ಕನ್ನಡ ವರ್ಗದ ಕೋಣೆಯಲ್ಲಿ. ಸಂಖ್ಯೆಯನ್ನು ಅಂಕಿಯಲ್ಲಿ ಬರೆದು ಕೊಡುವುದಿಲ್ಲ. ಬಾಯಲ್ಲಿ ಓದಿ ಹೇಳುತ್ತಾರೆ.

ನಜೀಮಾ